ಅಜ್ಜಿ ಮನೆಗೆ ಎಷ್ಟು ಮೆಟ್ಟಿಲು?

ಕ್ಲಾಸಲ್ಲಿ ನಾನು ಮೊದಲು ಕೊಡೋ ಹೋಮ್‌ವರ್ಕ್ ಇಷ್ಟೇ. ಒಂದು ಖಾಲಿ ಹಾಳೆ ತಗೊಳ್ಳಿ, ನಿಮ್ಮ ಅಜ್ಜಿ ಮನೆಗೆ ಎಷ್ಟು ಮೆಟ್ಟಿಲು, ಬಾಗಿಲು ಯಾವ ದಿಕ್ಕಿಗೆ, ಎಷ್ಟು ಕಿಟಕಿ, ಅಕ್ಕಿ ಎಲ್ಲಿ ಇಡ್ತಾರೆ, ಪಕ್ಕದ ಮನೆಯವರ ಹೆಸರೇನು, ಇದನ್ನ ಬರೀರಿ. ಯಾರನ್ನೂ ಕೇಳಬಾರದು, ಫೋನ್ ನೋಡಬಾರದು. ಆಮೇಲೆ ನಿಮ್ಮ ಅಣ್ಣನೋ ಅಕ್ಕನೋ ಕಸಿನ್ನೋ ಯಾರಾದ್ರೂ ಒಬ್ಬರ ಹತ್ರ ಅದೇ ಪ್ರಶ್ನೆಗೆ ಉತ್ತರ ಬರೆಸಿ, ಎರಡನ್ನೂ ಅಕ್ಕಪಕ್ಕ ಇಟ್ಕೊಂಡು ಸೋಮವಾರ ಬನ್ನಿ.

ಒಂಬತ್ತನೇ ಕ್ಲಾಸಿನ ಮಕ್ಕಳು, ಹದಿನಾಲ್ಕು ವರ್ಷ. ಸೋಮವಾರ ಬಂದಾಗ ಎಲ್ಲರದ್ದೂ ಒಂದೇ ಗಲಾಟೆ, ನಮ್ಮಣ್ಣ ನಾಲ್ಕು ಅಂದ ನಾನು ಆರು ಅಂದೆ, ಕಿಟಕಿ ಎಣಿಸೋಕೇ ಆಗ್ಲಿಲ್ಲ, ನಮ್ಮಜ್ಜಿ ಅಪಾರ್ಟ್‌ಮೆಂಟಲ್ಲಿ ಇರೋದು ಅದಕ್ಕೇನು ಬರೀಲಿ. ಗಲಾಟೆ ಸ್ವಲ್ಪ ತಣ್ಣಗಾದ್ಮೇಲೆ ನಾನು ಹೇಳ್ತೀನಿ, ಇಲ್ಲಿಂದ ಒಂದು ಗಂಟೆ ದೂರದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಮಧ್ಯದ ಏಂಜೆಲ್ ಐಲ್ಯಾಂಡಲ್ಲಿ, 1910ರಿಂದ 1940ರ ತನಕ ಚೀನಾದಿಂದ ಬಂದವರನ್ನ ಕೂರಿಸ್ಕೊಂಡು ಇವೇ ಪ್ರಶ್ನೆ ಕೇಳ್ತಿದ್ರು, ಅಪ್ಪನಿಗೆ ಒಂದು ಸಲ ಮಗನಿಗೆ ಒಂದು ಸಲ, ಉತ್ತರ ತಾಳೆ ಆಗ್ಲಿಲ್ಲ ಅಂದ್ರೆ ನೀನು ಇವನ ಮಗನೇ ಅಲ್ಲ ಅಂತ ಹೇಳಿ ವಾಪಸ್ ಹಡಗು ಹತ್ತಿಸ್ತಿದ್ರು.

ಕ್ಲಾಸು ಸುಮ್ಮನಾಗುತ್ತೆ. ಆ ಮೌನಾನ ನಾನು ಮಾತಾಡಿ ಕೆಡಿಸೋದಿಲ್ಲ.

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಒಂದು ಸರ್ಕಾರಿ ಹೈಸ್ಕೂಲಲ್ಲಿ ಎಥ್ನಿಕ್ ಸ್ಟಡೀಸ್ ಪಾಠ ಮಾಡ್ತೀನಿ. ಊರು ತೀರ್ಥಹಳ್ಳಿ ಕಡೆ, ಇಲ್ಲಿಗೆ ಬಂದು ತುಂಬಾ ವರ್ಷ ಆಯ್ತು. ಊರಿಗೆ ಹೋದಾಗಲೆಲ್ಲ ಎಲ್ಲರೂ ಕೇಳೋದು, ಎಥ್ನಿಕ್ ಸ್ಟಡೀಸ್ ಅಂದ್ರೆ ಏನಮ್ಮ ಅದು, ಬಟ್ಟೆ ಬಗ್ಗೆನಾ ಅಂತ. ಎಥ್ನಿಕ್ ವೇರ್ ಅಂತ ಅಂಗಡಿಯಲ್ಲಿ ಬರೆದಿರ್ತಾರಲ್ಲ, ಅದು ನೋಡಿ ಹಾಗನ್ಸೋದು ಸಹಜ. ಅಮೆರಿಕದಲ್ಲಿ ಅದಕ್ಕೆ ಬೇರೆ ಅರ್ಥ ಇದೆ, ಕಪ್ಪು ಜನ, ಮೂಲನಿವಾಸಿಗಳು, ವಲಸೆ ಬಂದವರು ಇಂಥವರ ಚರಿತ್ರೆ ಓದೋದು, ಹೋರಾಟ ಮಾಡಿ ತಗೊಂಡ ಸಬ್ಜೆಕ್ಟ್ ಅದು. 1968ರ ನವೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನ ಕಪ್ಪು, ಚಿಕಾನೋ (ಮೆಕ್ಸಿಕೋ ಮೂಲದ), ಏಷ್ಯನ್, ಮೂಲನಿವಾಸಿ ವಿದ್ಯಾರ್ಥಿಗಳೆಲ್ಲ ಸೇರಿ ಸ್ಟ್ರೈಕ್ ಕೂತ್ರು, ನಮ್ಮ ಜನರ ಚರಿತ್ರೆ ಈ ಕಾಲೇಜಲ್ಲಿ ಎಲ್ಲೂ ಇಲ್ಲ, ನಮಗೆ ಅದು ಬೇಕು ಅಂತ. ಪೊಲೀಸ್ ಬಂತು, ಲಾಠಿ ಬಂತು, ನೂರಾರು ಜನ ಅರೆಸ್ಟ್ ಆದ್ರು, ಮುಂದಿನ ಮಾರ್ಚ್ ತನಕ ಸುಮಾರು ಐದು ತಿಂಗಳು ನಡೀತು, ಕೊನೆಗೆ ಅಲ್ಲೇ ದೇಶದ ಮೊದಲನೇ ಎಥ್ನಿಕ್ ಸ್ಟಡೀಸ್ ಕಾಲೇಜು ಶುರುವಾಯ್ತು. ರಾಜ್ಯ ಮಟ್ಟದಲ್ಲಿ ಹೈಸ್ಕೂಲಿಗೆ ಬರೋಕೆ ಇನ್ನೂ ಐವತ್ತು ವರ್ಷ ಹಿಡೀತು. ರಾಜ್ಯದ ಮಾದರಿ ಪಠ್ಯಕ್ರಮ ಒಪ್ಪಿಗೆ ಆಗಿದ್ದು 2021ರ ಮಾರ್ಚಲ್ಲಿ, ಅದೇ ವರ್ಷ ಅಕ್ಟೋಬರಲ್ಲಿ ಕಾನೂನೂ ಬಂತು, ಹೈಸ್ಕೂಲ್ ಮುಗಿಸೋಕೆ ಒಂದು ಸೆಮಿಸ್ಟರ್ ಇದನ್ನ ಓದಿರ್ಬೇಕು ಅಂತ. ಆದ್ರೆ ಸರ್ಕಾರ ದುಡ್ಡು ಕೊಟ್ರೆ ಮಾತ್ರ ಅನ್ನೋ ಷರತ್ತು ಅದರಲ್ಲೇ ಇದೆ, ಹಾಗಾಗಿ ಒಂದೊಂದು ಸ್ಕೂಲ್ ಡಿಸ್ಟ್ರಿಕ್ಟಲ್ಲಿ ಒಂದೊಂದು ತರ ನಡೀತಿದೆ.

ಇದರ ಪರ ವಿರೋಧ ತುಂಬಾ ಇದೆ, ಆ ಜಗಳ ಪೂರ್ತಿ ಇಲ್ಲಿ ಬರೆಯಲ್ಲ. ಅರಿಝೋನಾದ ಟೂಸಾನಲ್ಲಿ ಮೆಕ್ಸಿಕನ್ ಅಮೆರಿಕನ್ ಸ್ಟಡೀಸ್ ಅಂತ ಚೆನ್ನಾಗಿ ನಡೀತಿದ್ದ ಪ್ರೋಗ್ರಾಂನ 2010ರ ಒಂದು ಕಾನೂನು ಇಟ್ಕೊಂಡು ನಿಲ್ಲಿಸಿದ್ರು, ಕ್ಲಾಸ್‌ರೂಮಿಂದ ಪುಸ್ತಕ ಡಬ್ಬಕ್ಕೆ ತುಂಬ್ಕೊಂಡು ಹೋದ್ರು. 2017ರಲ್ಲಿ ಫೆಡರಲ್ ಜಡ್ಜ್ ಒಬ್ಬರು ಇದರ ಹಿಂದೆ ಜನಾಂಗದ್ವೇಷ ಇತ್ತು ಅಂತಲೇ ತೀರ್ಪು ಕೊಟ್ರು. ಅದೇ 2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಕೂಲುಗಳ ಬಗ್ಗೆ ಸ್ಟ್ಯಾನ್‌ಫರ್ಡಿನವರ ಒಂದು ಸ್ಟಡಿ ಬಂತು, ಮಾರ್ಕ್ಸ್ ಕಮ್ಮಿ ಇದ್ದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಈ ಕೋರ್ಸ್ ಕೊಟ್ಟಾಗ ಹಾಜರಾತಿ 21 ಪರ್ಸೆಂಟೇಜ್ ಪಾಯಿಂಟ್ ಏರ್ತು ಅಂತ. ಸಣ್ಣ ಗುಂಪಿನ ಮೇಲೆ ಮಾಡಿದ ಸ್ಟಡಿ ಅದು, ಒಳ್ಳೇ ತರಬೇತಿ ಆಗಿದ್ದ ಟೀಚರ್‌ಗಳು ಪಾಠ ಮಾಡಿದ್ದು, ಅದಕ್ಕೇ ಸುಮ್ನೆ ಕೋರ್ಸ್ ಹೆಸರು ಹಾಕಿಬಿಟ್ರೆ ಎಲ್ಲಾ ಕಡೆ ಹಂಗೇ ಆಗುತ್ತೆ ಅಂತ ನಾನು ನಂಬೋದಿಲ್ಲ. ಹೇಗೆ ಪಾಠ ಮಾಡ್ತೀವಿ ಅನ್ನೋದೇ ಎಲ್ಲ.

ಹೇಗೆ ಮಾಡಬಾರದು ಅಂತ ನಾನು ಕಲಿತಿದ್ದು ಮೊದಲನೇ ವರ್ಷವೇ. ಗುಲಾಮಗಿರಿ ನಂತರದ ಕಾಲದ ಪಾಠ ನಡೀತಿತ್ತು, ಕ್ಲಾಸಲ್ಲಿ ಒಬ್ಬನೇ ಒಬ್ಬ ಕಪ್ಪು ಹುಡುಗ, ಮುಂದಿನ ಬೆಂಚು. ನಾನು ಅವನ ಕಡೆ ತಿರುಗಿ ನಿಂಗೆ ಇದು ಓದಿದ್ರೆ ಏನನ್ಸುತ್ತೆ ಅಂತ ಕೇಳಿಬಿಟ್ಟೆ. ಒಳ್ಳೇ ಮನಸ್ಸಿಂದಲೇ ಕೇಳಿದ್ದು. ಕ್ಲಾಸಿನ ಮೂವತ್ತು ಜನ ತಿರುಗಿ ಅವನನ್ನೇ ನೋಡಿದ್ರು, ಅವನು ಪೆನ್ನಿನ ಕ್ಯಾಪ್ ಹಾಕಿ ತೆಗೆದು ಹಾಕಿ ತೆಗೆದು ಮಾಡ್ತಾ ಏನಿಲ್ಲ ಅಂದ. ಮಾರನೇ ದಿನದಿಂದ ಹಿಂದಿನ ಬೆಂಚಿಗೆ ಹೋಗಿ ಕೂತ, ವರ್ಷ ಪೂರ್ತಿ ಅಲ್ಲೇ. ಒಂದು ಮಗೂನ ಅದರ ಇಡೀ ಜನಾಂಗದ ವಕೀಲನ್ನ ಮಾಡಿ ನಿಲ್ಲಿಸೋದು ಎಷ್ಟು ಕ್ರೂರ ಅಂತ ನನಗೆ ಅವತ್ತು ತಿಳೀತು, ಅದೂ ನಾನೇ ಎಷ್ಟು ಸಲ ಸ್ಟಾಫ್ ರೂಮಲ್ಲಿ ಇಂಡಿಯಾದಲ್ಲಿ ಹೆಂಗಸರು ಹೀಗಂತೆ ಹೌದಾ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟು ಸುಸ್ತಾದವಳು. ಆ ಹುಡುಗನ ಹತ್ರ ಆಮೇಲೆ ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದ. ಜಾಗ ಮಾತ್ರ ಬದಲಾಯಿಸಲಿಲ್ಲ.

ಅವತ್ತಿಂದ ನನ್ನ ಕ್ಲಾಸಲ್ಲಿ ಪ್ರಶ್ನೆ ಯಾವತ್ತೂ ಮಗೂಗೆ ಅಲ್ಲ, ಕಾಗದಕ್ಕೆ. ಒಂದು ಪತ್ರ, ಒಂದು ಫೋಟೋ, ಒಂದು ಕೋರ್ಟ್ ತೀರ್ಪಿನ ಒಂದು ಪ್ಯಾರಾ, ಅದನ್ನ ಎಲ್ಲರ ಕೈಗೂ ಕೊಡ್ತೀನಿ, ಇದನ್ನ ಯಾರು ಬರೆದ್ರು, ಯಾರಿಗೆ ಬರೆದ್ರು, ಇದರಲ್ಲಿ ಯಾರ ಮಾತು ಇಲ್ಲ, ಇಷ್ಟೇ ಕೇಳೋದು. ಮಾತಾಡೋಕೆ ಮುಂಚೆ ಎಲ್ಲರೂ ಐದು ನಿಮಿಷ ಬರೀಬೇಕು, ಇಲ್ಲಾಂದ್ರೆ ಯಾವಾಗ್ಲೂ ಮಾತಾಡೋ ನಾಲ್ಕು ಜನಾನೇ ಮಾತಾಡ್ತಾರೆ. ಯಾರಿಗಾದ್ರೂ ತಮ್ಮ ಮನೆ ಕಥೆ ಹೇಳಬೇಕು ಅನ್ಸಿದ್ರೆ ಹೇಳ್ತಾರೆ, ನಾನು ಕೇಳೋದಿಲ್ಲ. ಹೋಮ್‌ವರ್ಕಲ್ಲೂ ಅಷ್ಟೇ, ಅಜ್ಜಿ ಮನೆ ಬಗ್ಗೆ ಬರೆಯೋಕೆ ಇಷ್ಟ ಇಲ್ಲದವರು ಬೇರೆ ಯಾವುದಾದ್ರೂ ಮನೆ ಬರೀಬಹುದು, ಎಲ್ಲಾ ಮಕ್ಕಳಿಗೂ ಅಜ್ಜಿ ಮನೆ ಸಿಹಿ ನೆನಪಲ್ಲ, ಕೆಲವರ ಮನೆಯಲ್ಲಿ ಪೇಪರ್ಸ್ (ಈ ದೇಶದಲ್ಲಿ ಇರೋಕೆ ಬೇಕಾದ ಕಾಗದಪತ್ರ) ವಿಷಯ ಮಾತಾಡೋಕೇ ಭಯ, ಅದಕ್ಕೇ ಯಾವ ದೇಶ, ಯಾವಾಗ ಬಂದ್ರಿ, ಹೇಗೆ ಬಂದ್ರಿ ಅಂತ ನಾನು ಎಲ್ಲೂ ಬರೆಸೋದಿಲ್ಲ.

ನಾಟಕ ಮಾಡಿಸೋದನ್ನಂತೂ ಬಿಟ್ಟೇಬಿಟ್ಟೆ. ನೀನು ಆಫೀಸರ್, ನೀನು ವಲಸಿಗ, ನೀನು ಮಾಲೀಕ, ನೀನು ಗುಲಾಮ, ಈ ತರ ರೋಲ್ ಪ್ಲೇ ಮಾಡಿಸಿ ಮಕ್ಕಳನ್ನ ಅಳಿಸಿದ ಕಥೆ ನ್ಯೂಸಲ್ಲಿ ಆಗಾಗ ಬರ್ತಾನೇ ಇರುತ್ತೆ. ಮೆಟ್ಟಿಲು ಎಣಿಸೋದು ಬೇರೆ, ಅಲ್ಲಿ ಯಾರೂ ಯಾರ ಪಾತ್ರಾನೂ ಮಾಡಲ್ಲ, ತಮ್ಮ ಮನೆ ತಾವು ನೆನಪು ಮಾಡ್ಕೋತಾರೆ ಅಷ್ಟೇ.

ನಾನೂ ಮಾಡಿ ನೋಡಿದೆ. ತೀರ್ಥಹಳ್ಳಿ ಮನೆಗೆ ಆರು ಮೆಟ್ಟಿಲು ಅಂತ ಬರೆದು ಅಣ್ಣಂಗೆ ಫೋನ್ ಮಾಡಿದೆ, ಅವನು ಐದೇ ಕಣೇ ಅಂದ. ಇಲ್ಲ ಆರು, ಕೆಳಗಿನ ಮೆಟ್ಟಿಲ ಮೇಲೆ ಕೂತೇ ಅಲ್ವಾ ನಾವು ಅಡಿಕೆ ಹಾಳೆ ಎಳ್ಕೊಂಡು ಆಡ್ತಿದ್ದಿದ್ದು ಅಂದೆ. ಅವನು ಹೋಗಿ ನೋಡ್ಕೊಂಡು ಬಂದು ಫೋಟೋ ಕಳ್ಸಿದ. ಐದೇ ಇದೆ. ರಸ್ತೆಗೆ ಡಾಂಬರು ಹಾಕಿ ಹಾಕಿ ಎತ್ತರ ಆಗಿ ಕೆಳಗಿಂದು ಮುಚ್ಚಿಹೋಗಿದೆ, ಅದರ ಅಂಚು ಒಂದು ಬೆರಳಷ್ಟು ಕಾಣುತ್ತೆ. ಈ ಫೋಟೋನ ಪ್ರತಿವರ್ಷ ಕ್ಲಾಸಲ್ಲಿ ತೋರಿಸ್ತೀನಿ. ಇಬ್ಬರೂ ನಿಜಾನೇ ಹೇಳಿದ್ದು, ಆ ದ್ವೀಪದಲ್ಲಿ ಆಗಿದ್ರೆ ನಮ್ಮಿಬ್ಬರಲ್ಲಿ ಒಬ್ಬರು ಸುಳ್ಳುಗಾರರಾಗಿ ವಾಪಸ್ ಹೋಗ್ತಿದ್ವಿ.

ಹಂಗಂತ ಅಲ್ಲಿ ಬಂದವರೆಲ್ಲ ನಿಜಾನೇ ಹೇಳ್ತಿದ್ರು ಅಂತಾನೂ ಅಲ್ಲ, ಅದನ್ನ ಮುಚ್ಚಿಟ್ಟು ಪಾಠ ಮಾಡಿದ್ರೆ ಮಕ್ಕಳಿಗೆ ಮೋಸ. 1882ರ ಕಾನೂನು ಚೀನಾದ ಕೂಲಿಕಾರರಿಗೆ ಬಾಗಿಲು ಹಾಕಿತ್ತು, 1906ರ ಭೂಕಂಪದ ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದ್ವು, ಆಮೇಲೆ ನಾನು ಇಲ್ಲೇ ಹುಟ್ಟಿದ್ದು ಅಂತ ಹೇಳಿ ಊರಿಂದ ಇಲ್ಲದ ಮಗನ್ನ ಕಾಗದದ ಮೇಲೆ ಹುಟ್ಟಿಸಿ ಕರೆಸ್ಕೊಂಡವರು ಬೇಕಾದಷ್ಟು ಜನ. ಹಾಗೆ ಬಂದ ಮಕ್ಕಳಿಗೆ ಪೇಪರ್ ಸನ್ ಅಂತಾನೇ ಹೆಸರು. ಮೆಟ್ಟಿಲು ಕಿಟಕಿ ಎಲ್ಲ ಬಾಯಿಪಾಠ ಮಾಡ್ಕೊಂಡು ಹಡಗಲ್ಲಿ ಬಂದು ಆ ಚೀಟಿನ ನೀರಿಗೆ ಹಾಕ್ತಿದ್ರಂತೆ. ಕಾನೂನೇ ಅನ್ಯಾಯದ್ದಾದಾಗ ಸುಳ್ಳು ಹೇಳೋದು ತಪ್ಪಾ ಅಂತ ಮಕ್ಕಳು ಅವರಾಗೇ ಕೇಳ್ತಾರೆ, ಒಂದು ಪೀರಿಯಡ್ ಪೂರ್ತಿ ಅದರಲ್ಲೇ ಹೋಗುತ್ತೆ, ಹೋಗಲಿ ಬಿಡಿ. ಆ ಬ್ಯಾರಕ್ಕಿನ ಮರದ ಗೋಡೆ ಮೇಲೆ ಕಾಯ್ತಾ ಕೂತವರು ಚೀನೀ ಭಾಷೆಯಲ್ಲಿ ಕೆತ್ತಿದ ಪದ್ಯಗಳು ಇನ್ನೂ ಇವೆ, 200ಕ್ಕೂ ಹೆಚ್ಚು. 1970ರಲ್ಲಿ ಕಟ್ಟಡ ಕೆಡವೋ ಹೊತ್ತಿಗೆ ಪಾರ್ಕಿನ ರೇಂಜರ್ ಒಬ್ಬರ ಕಣ್ಣಿಗೆ ಬಿದ್ದು ಉಳೀತು. ಫೀಲ್ಡ್ ಟ್ರಿಪ್‌ಗೆ ಹೋದಾಗ ಟಾರ್ಚ್ ಓರೆಯಾಗಿ ಹಿಡಿದ್ರೆ ಬಣ್ಣದ ಅಡಿಯಿಂದ ಅಕ್ಷರ ಎದ್ದು ಕಾಣುತ್ತೆ.

ಇನ್ನೊಂದು ವಿಷಯ, ಈ ವಾರ ಕಪ್ಪು ಜನರದ್ದು ಮುಂದಿನ ವಾರ ಮೆಕ್ಸಿಕನ್ನರದ್ದು ಆಮೇಲೆ ಏಷ್ಯನ್ನರದ್ದು ಅಂತ ಹೋಟೆಲ್ ಮೆನು ತರ ಹಂಚಿ ಪಾಠ ಮಾಡೋದು ನನಗೆ ಸರಿ ಕಾಣಲ್ಲ. ರಾಜ್ಯದ ಪಠ್ಯಕ್ರಮದಲ್ಲಿ ನಾಲ್ಕು ಗುಂಪು ಹೆಸರಿಸಿದಾರೆ ನಿಜ, ಆದ್ರೆ ಜನ ಬದುಕಿದ್ದು ಬೇರೆ ಬೇರೆ ಅಧ್ಯಾಯದಲ್ಲಲ್ಲ. 1965ರ ಸೆಪ್ಟೆಂಬರ್ 8ಕ್ಕೆ ಇದೇ ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ ದ್ರಾಕ್ಷಿ ತೋಟದ ಸ್ಟ್ರೈಕ್ ಶುರು ಮಾಡಿದ್ದು ಫಿಲಿಪಿನೋ ಕೂಲಿಕಾರರು, ಲ್ಯಾರಿ ಇಟ್ಲಿಯಾಂಗ್ ಅವರ ಮುಂದಾಳು, ಒಂದು ವಾರ ಆದ್ಮೇಲೆ ಸೀಸರ್ ಚಾವೆಝ್ ಅವರ ಮೆಕ್ಸಿಕನ್ ಯೂನಿಯನ್ ಬಂದು ಸೇರ್ಕೊಳ್ತು. ಹಿಂದೆಲ್ಲ ಒಂದು ಗುಂಪು ಸ್ಟ್ರೈಕ್ ಮಾಡಿದ್ರೆ ಇನ್ನೊಂದು ಗುಂಪನ್ನ ಕರ್ಕೊಂಡು ಬಂದು ಕೆಲಸಕ್ಕೆ ಹಚ್ಚಿ ಮುರೀತಿದ್ರು, ಈ ಸಲ ಮುರಿಯೋಕೆ ಆಗ್ಲಿಲ್ಲ. ಯೂಬಾ ಸಿಟಿ, ಇಂಪೀರಿಯಲ್ ವ್ಯಾಲಿ ಕಡೆ ಬಂದ ಪಂಜಾಬಿ ರೈತರು ಮೆಕ್ಸಿಕನ್ ಹುಡುಗೀರನ್ನ ಮದುವೆ ಆದ್ರು, ಯಾಕಂದ್ರೆ ಬಿಳಿಯರನ್ನ ಮದುವೆ ಆಗೋಕೆ ಕಾನೂನು ಬಿಡ್ತಿರಲಿಲ್ಲ, ಊರಿಂದ ಹೆಂಗಸರು ಬರೋಕೂ ದಾರಿ ಇರಲಿಲ್ಲ. ಸಿಂಗ್ ಅಂತ ಸರ್‌ನೇಮ್, ಮರಿಯಾ ಅಂತ ಹೆಸರು, ಮನೇಲಿ ರೊಟ್ಟಿನೂ ಟೋರ್ಟಿಯಾನೂ. ಆ ಮನೇನ ಯಾವ ವಾರಕ್ಕೆ ಹಾಕ್ತೀರಿ?

ಮೂಲನಿವಾಸಿಗಳ ಪಾಠದಲ್ಲಿ ನಾನು ಮಕ್ಕಳ ಬರವಣಿಗೆಯಲ್ಲಿ ತಿದ್ದೋದು ಒಂದೇ ಒಂದು, ಕ್ರಿಯಾಪದದ ಕಾಲ. ಓಲೋನಿ ಜನ ಇಲ್ಲಿ ಇದ್ದರು ಅಂತ ಬರೀತಾರೆ. ಇದ್ದರು ಅಲ್ಲ, ಇದ್ದಾರೆ. ನಾವು ಕೂತಿರೋ ಈ ಬಿಲ್ಡಿಂಗ್ ಇರೋದು ಅವರ ನೆಲದ ಮೇಲೆ, ಈಸ್ಟ್ ಬೇ ಕಡೆಯ ಅವರ ಚೊಚೆನ್ಯೋ ಭಾಷೆ ಮಾತಾಡೋರು ಒಂದು ಕಾಲಕ್ಕೆ ಯಾರೂ ಉಳಿದಿರಲಿಲ್ಲ, ನೂರು ವರ್ಷದ ಹಿಂದೆ ಹ್ಯಾರಿಂಗ್ಟನ್ ಅನ್ನೋ ಭಾಷಾಶಾಸ್ತ್ರಜ್ಞ ಅವರ ಹಿರಿಯರ ಮುಂದೆ ಕೂತು ಬರ್ಕೊಂಡಿದ್ದ ನೋಟ್ಸ್ ಇಟ್ಕೊಂಡು ಈಗಿನ ಹುಡುಗರು ಮತ್ತೆ ಕಲೀತಿದ್ದಾರೆ. ಭಾನುವಾರ ಕನ್ನಡ ಕ್ಲಾಸಿಗೆ ಬರೋ ನಮ್ಮ ಮಕ್ಕಳಿಗೂ ನಾನು ಈ ಕಥೆ ಹೇಳಿದೀನಿ, ಅವರು ಬಾಯಿ ಬಿಟ್ಕೊಂಡು ಕೇಳಿದ್ರು.

ಈಗ ನಮ್ಮವರ ವಿಷಯಕ್ಕೆ ಬರ್ತೀನಿ, ನಿಜ ಹೇಳಬೇಕಂದ್ರೆ ಇದಕ್ಕೋಸ್ಕರಾನೇ ಬರೆಯೋಕೆ ಕೂತಿದ್ದು.

ಹೋದ ವರ್ಷ ಪೇರೆಂಟ್ಸ್ ಮೀಟಿಂಗ್ ದಿನ ಕನ್ನಡದವರೊಬ್ಬರು ಬಂದ್ರು. ನಾನು ಕನ್ನಡದವಳು ಅಂತ ಗೊತ್ತಾಗಿ ಖುಷಿ ಆಗಿ ಮಾತಾಡ್ತಾ, ಮೇಡಂ ನೀವು ನಮ್ಮೋರು ಅಂತ ಹೇಳ್ತೀನಿ ಬೇಜಾರು ಮಾಡ್ಕೋಬೇಡಿ, ನಮ್ಮ ಹುಡುಗಂಗೆ ಇದೆಲ್ಲ ಯಾಕೆ, ಇದು ಅವರವರ ಜಗಳ, ನಾವು ಓದ್ಕೊಂಡು ವೀಸಾ ತಗೊಂಡು ಬಂದವರು, ಆ ಟೈಮಲ್ಲಿ ಇನ್ನೊಂದು ಎಪಿ (ಹೈಸ್ಕೂಲಲ್ಲೇ ಓದೋ ಕಾಲೇಜ್ ಮಟ್ಟದ ಕೋರ್ಸ್) ತಗೊಂಡ್ರೆ ಕಾಲೇಜಿಗಾದ್ರೂ ಅನುಕೂಲ ಆಗುತ್ತೆ ಅಂದ್ರು. ಕೋಪ ಬರಲಿಲ್ಲ ನಂಗೆ. ಅವರ ಆತಂಕ ನನಗೆ ಅರ್ಥ ಆಗುತ್ತೆ, ನಾನೂ ತಾಯಿ. ಒಂದು ನಿಮಿಷ ಕೂತ್ಕೊಳ್ಳಿ ಸರ್ ಅಂತ ಹೇಳಿ ಆ ವಾರ ಕ್ಲಾಸಿಗೆ ಕೊಟ್ಟಿದ್ದ ಹಾಳೇನ ಅವರ ಮುಂದೆ ಇಟ್ಟೆ.

ಅದು ಭಗತ್ ಸಿಂಗ್ ಥಿಂಡ್ ಅವರ ಕೇಸು. (ನಮ್ಮ ಕ್ರಾಂತಿಕಾರಿ ಭಗತ್ ಸಿಂಗ್ ಅಲ್ಲ, ಇವರು ಬೇರೆ.) ಪಂಜಾಬಿನವರು, 1913ರಲ್ಲಿ ಬಂದ್ರು, ಮೊದಲನೇ ಮಹಾಯುದ್ಧದ ಹೊತ್ತಲ್ಲಿ ಅಮೆರಿಕದ ಸೈನ್ಯದಲ್ಲಿ ಪೇಟ ಕಟ್ಕೊಂಡೇ ಇದ್ದವರು. ಆಗ ಇಲ್ಲಿ ಪೌರತ್ವ ಸಿಗಬೇಕಂದ್ರೆ ಬಿಳಿಯರಾಗಿರಬೇಕು ಇಲ್ಲಾ ಆಫ್ರಿಕಾ ಮೂಲದವರಾಗಿರಬೇಕು. 1922ರ ನವೆಂಬರಲ್ಲಿ ಒಝಾವಾ ಅನ್ನೋ ಜಪಾನಿನವರು, ನನ್ನ ಮೈಬಣ್ಣ ಬೆಳ್ಳಗಿದೆ ಕೊಡಿ ಅಂದಾಗ ಸುಪ್ರೀಂ ಕೋರ್ಟು ಬಣ್ಣ ಲೆಕ್ಕಕ್ಕಿಲ್ಲ, ಬಿಳಿಯ ಅಂದ್ರೆ ಕಕೇಶಿಯನ್ (ಯುರೋಪಿನವರನ್ನೂ ಉತ್ತರ ಭಾರತದವರನ್ನೂ ಒಟ್ಟಿಗೆ ಸೇರಿಸಿ ಆಗಿನ ವಿಜ್ಞಾನಿಗಳು ಇಟ್ಟಿದ್ದ ಜನಾಂಗದ ಹೆಸರು), ನೀನು ಕಕೇಶಿಯನ್ ಅಲ್ಲ ಅಂತು. ಮೂರು ತಿಂಗಳಿಗೆ ಥಿಂಡ್ ಬಂದು, ಹಾಗಾದ್ರೆ ವಿಜ್ಞಾನದ ಲೆಕ್ಕದಲ್ಲಿ ನಾನು ಕಕೇಶಿಯನ್ ಅಲ್ವಾ ಅಂತ ಕೇಳಿದ್ರು. 1923ರ ಫೆಬ್ರವರಿ 19ಕ್ಕೆ ಅದೇ ಕೋರ್ಟು, ಅದೇ ಜಸ್ಟಿಸ್ ಸದರ್ಲೆಂಡ್ ಬರೆದ ತೀರ್ಪು, ವಿಜ್ಞಾನ ಏನಾದ್ರೂ ಹೇಳಲಿ, ಜನಸಾಮಾನ್ಯರ ಕಣ್ಣಿಗೆ ನೀನು ಬಿಳಿಯ ಅಲ್ಲ ಅಂತು. ಅದಾದ್ಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ವಾಪಸ್ ಕಿತ್ಕೊಳ್ಳೋಕೆ ಶುರು ಮಾಡಿದ್ರು. ಅದರಲ್ಲಿ ಒಬ್ಬರು ವೈಷ್ಣೋ ದಾಸ್ ಬಗಾಯಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದವರು. ಮುಂಚೆ ಅವರು ಬರ್ಕ್ಲಿಯಲ್ಲಿ ಮನೆ ತಗೊಂಡು ಸಾಮಾನು ಸಮೇತ ಹೋದಾಗ ಅಕ್ಕಪಕ್ಕದವರು ಬಾಗಿಲಿಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ, ಹೆಂಡತಿ ಕಲಾ ಮೂರು ಮಕ್ಕಳ ಜೊತೆ ಹಂಗೇ ವಾಪಸ್ ಹೋದ್ರು. ಪೌರತ್ವ ಹೋದ್ಮೇಲೆ ಆಸ್ತಿ ಹೋಯ್ತು, ಊರಿಗೆ ಹೋಗಿ ಬರೋಕೆ ಪಾಸ್‌ಪೋರ್ಟೂ ಕೊಡಲಿಲ್ಲ, 1928ರಲ್ಲಿ ಅವರು ಪ್ರಾಣ ಕಳ್ಕೊಂಡ್ರು. ಈಗ ಅದೇ ಬರ್ಕ್ಲಿಯ ಡೌನ್‌ಟೌನಲ್ಲಿ ಒಂದು ರಸ್ತೆಗೆ ಕಲಾ ಬಗಾಯಿ ವೇ ಅಂತ ಹೆಸರಿದೆ. ಈ ಭಾಗ ಪಾಠ ಮಾಡೋಕೆ ಮುಂಚೆ ನಾನು ಕೌನ್ಸೆಲರ್‌ಗೆ ತಿಳಿಸಿರ್ತೀನಿ, ಮಕ್ಕಳಿಗೂ ಹಿಂದಿನ ದಿನಾನೇ ಹೇಳಿರ್ತೀನಿ, ಬಗಾಯಿ ತೀರಿಹೋದ ರೀತಿ ಬಗ್ಗೆ ವಿವರ ಕೊಡೋದಿಲ್ಲ, ಅವರು ಏನು ಕಟ್ಟಿದ್ರು ಅನ್ನೋದರ ಬಗ್ಗೆ ಮಾತು ಜಾಸ್ತಿ ಇರುತ್ತೆ.

ಆ ತಂದೆ ಹಾಳೇನ ಎರಡು ಸಲ ಓದಿದ್ರು. ಇದು ನಮಗೂ ಆಗಿತ್ತಾ ಅಂದ್ರು. ನಾನು, ಆ ತೀರ್ಪಾದ್ಮೇಲೆ 1946ರ ತನಕ ಇಂಡಿಯಾದಿಂದ ಬಂದವರಿಗೆ ಸಾಮಾನ್ಯವಾಗಿ ಪೌರತ್ವಾನೇ ಸಿಗ್ತಿರಲಿಲ್ಲ ಸರ್, ಆಮೇಲೂ ವರ್ಷಕ್ಕೆ ನೂರು ಜನಕ್ಕೆ ಮಾತ್ರ ಬಾಗಿಲು ತೆಗೆದಿದ್ದು, 1965ರ ವಲಸೆ ಕಾನೂನು ಬಂದ್ಮೇಲೆ ನಮ್ಮಂಥವರು ಬರೋ ಹಾಗಾಗಿದ್ದು, ಕಪ್ಪು ಜನ ಬೀದಿಗೆ ಇಳಿದು ನಾಗರಿಕ ಹಕ್ಕು ಕೇಳಿದ ಅದೇ ಕಾಲದಲ್ಲಿ ಆ ಕಾನೂನು ಬಂದಿದ್ದು ಅಂದೆ. ಹಾಳೆ ಮಡಚಿ ಜೇಬಿಗೆ ಇಟ್ಕೊಂಡು ಹೋದ್ರು. ಹುಡುಗ ಕ್ಲಾಸ್ ಬಿಡಲಿಲ್ಲ.

ಆದ್ರೆ ಪಾಠ ಅಲ್ಲಿಗೇ ನಿಲ್ಲಿಸಿದ್ರೆ ನಮ್ಮ ಮಕ್ಕಳು ಅಯ್ಯೋ ನಮಗೂ ಅನ್ಯಾಯ ಆಗಿತ್ತು ಅಂತ ಹೇಳ್ಕೊಂಡು ಹೊರಟುಬಿಡ್ತಾರೆ. ಅದು ಅರ್ಧ ಮಾತ್ರ. ಥಿಂಡ್ ಪರ ವಾದದಲ್ಲಿ ಏನಿತ್ತು ಅನ್ನೋದನ್ನ ನಾನು ಮಾರನೇ ದಿನ ಕೊಡ್ತೀನಿ. ತಾನು ಮೇಲ್ಜಾತಿಯ ಹಿಂದೂ, ಆರ್ಯ ರಕ್ತ ಬೆರೆಕೆ ಆಗದ ಹಾಗೆ ಜಾತಿ ಕಾಪಾಡಿದೆ ಅನ್ನೋದೇ ಅವರ ವಾದ. ಸಿಖ್ಖರಾಗಿ ಮೇಲ್ಜಾತಿ ಹಿಂದೂ ಹೇಗೆ ಅಂತ ಮಕ್ಕಳು ಕೇಳ್ತಾರೆ, ಆಗ ಅಮೆರಿಕದಲ್ಲಿ ಭಾರತದಿಂದ ಬಂದ ಎಲ್ಲರನ್ನೂ ಹಿಂದೂ ಅಂತಾನೇ ಕರೀತಿದ್ದಿದ್ದು. ಅಮೆರಿಕನ್ನರು ಕಪ್ಪು ಜನರನ್ನ ಮದುವೆ ವಿಷಯದಲ್ಲಿ ಹೇಗೆ ನೋಡ್ತಾರೋ ನಾವೂ ನಮ್ಮಲ್ಲಿನ ಮೂಲನಿವಾಸಿಗಳನ್ನ ಹಾಗೇ ನೋಡ್ತೀವಿ ಅನ್ನೋ ಅರ್ಥದ ಸಾಲೂ ಅದರಲ್ಲಿ ಇದೆ. ಅಂದ್ರೆ ಬಾಗಿಲು ಒಡೀರಿ ಅಂತ ಅವರು ಕೇಳಲಿಲ್ಲ, ನನ್ನೊಬ್ಬನ್ನ ಒಳಗೆ ಬಿಡಿ ಅಂತ ಕೇಳಿದ್ರು. ಇದನ್ನ ಓದುವಾಗ ಇಂಡಿಯನ್ ಮಕ್ಕಳ ಮುಖ ನೋಡಬೇಕು, ತಲೆ ಬಗ್ಗಿಸ್ತಾರೆ. ಆಗಲೂ ನಾನು ಅವರನ್ನ ಹೆಸರು ಹಿಡಿದು ಕೇಳಲ್ಲ. ನಿಮ್ಮ ಜಾತಿ ಯಾವುದು ಅನ್ನೋ ಪ್ರಶ್ನೆ ನನ್ನ ಕ್ಲಾಸಲ್ಲಿ ಯಾರೂ ಯಾರಿಗೂ ಕೇಳೋ ಹಾಗಿಲ್ಲ, ಯಾಕಂದ್ರೆ ಆ ಬೆಂಚಲ್ಲಿ ತನ್ನ ಜಾತಿ ಹೇಳ್ಕೊಳ್ಳೋಕೆ ಹೆದರಿ ಕೂತಿರೋ ಮಗೂನೂ ಇರಬಹುದು, ಇಲ್ಲಿನ ನಮ್ಮ ಸಂಘ ಕೂಟಗಳಲ್ಲೂ ಊಟಕ್ಕೆ ಕೂತಾಗ ಯಾವ ಕಡೆಯವರು ನೀವು ಅಂತ ಸುತ್ತಿ ಬಳಸಿ ಕೇಳೋದನ್ನ ನಾನೇ ಎಷ್ಟು ಸಲ ಕೇಳಿಸ್ಕೊಂಡಿದೀನಿ, ನೋವಾಗುತ್ತೆ. ಕ್ಯಾಲ್ ಸ್ಟೇಟ್ ಯೂನಿವರ್ಸಿಟಿಯವರು 2022ರಲ್ಲಿ ತಾರತಮ್ಯ ವಿರೋಧಿ ನಿಯಮಕ್ಕೆ ಜಾತಿ ಅನ್ನೋ ಪದ ಸೇರಿಸಿದ್ರು, ರಾಜ್ಯದ ಮಸೂದೆಗೆ ಮಾತ್ರ 2023ರ ಅಕ್ಟೋಬರಲ್ಲಿ ಗವರ್ನರ್ ನ್ಯೂಸಮ್ ಸಹಿ ಹಾಕಲಿಲ್ಲ, ಈಗಿರೋ ಕಾನೂನಲ್ಲೇ ರಕ್ಷಣೆ ಇದೆ ಅಂತ ಹೇಳಿದ್ರು. ಎರಡೂ ಕಡೆಯವರ ಮಾತನ್ನ ಮಕ್ಕಳು ಓದ್ತಾರೆ. ನನ್ನ ಮಟ್ಟಿಗೆ, ಆ ಪದ ಕಾನೂನಲ್ಲಿ ಇರಬೇಕಿತ್ತು.

ಥಿಂಡ್ ಬಂದ ಅದೇ 1913ರಲ್ಲಿ, ದೇಶದ ಇನ್ನೊಂದು ತುದಿಗೆ, ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಗೆ ಬಂದವರು ಅಂಬೇಡ್ಕರ್. 1946ರಲ್ಲಿ ಅವರು, ಅಮೆರಿಕದ ಕಪ್ಪು ಜನರ ಹಕ್ಕಿಗೆ ಹೋರಾಡಿದ ಚಿಂತಕ ಡು ಬೋಯ್ಸ್ ಅವರಿಗೆ ಒಂದು ಪುಟ್ಟ ಪತ್ರ ಬರೆದ್ರು, ಅಸ್ಪೃಶ್ಯರ ಸ್ಥಿತಿಗೂ ಇಲ್ಲಿನ ಕಪ್ಪು ಜನರ ಸ್ಥಿತಿಗೂ ಎಷ್ಟೊಂದು ಹೋಲಿಕೆ ಇದೆ, ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರಂತೆ, ಅದರ ಎರಡು ಮೂರು ಕಾಪಿ ಕಳಿಸ್ತೀರಾ ಅಂತ. ಡು ಬೋಯ್ಸ್ ಉತ್ತರ ಬರೆದ್ರು, ನಿಮ್ಮ ಹೆಸರು ಕೆಲಸ ಎರಡೂ ನನಗೆ ಗೊತ್ತು, ನಿಮ್ಮ ಜನರ ಬಗ್ಗೆ ನನಗೆ ಪೂರ್ತಿ ಸಹಾನುಭೂತಿ ಇದೆ ಅಂತ. ಎರಡೂ ಪತ್ರ ಟೈಪ್ ಮಾಡಿದ್ದು, ಸ್ಕ್ಯಾನ್ ಸಿಗುತ್ತೆ. ಥಿಂಡ್ ವಾದಾನ ಎಡಗೈಗೆ, ಈ ಪತ್ರಾನ ಬಲಗೈಗೆ ಕೊಟ್ಟು, ಇಬ್ಬರೂ ಅಮೆರಿಕದ ಹತ್ರ ಏನು ಕೇಳಿದ್ರು ಅಂತ ಒಂದು ಪುಟ ಬರೀರಿ ಅಂತೀನಿ.

ಈ ಪಾಠ ಮುಂದಿನ ಗುರುವಾರಕ್ಕೆ ಇಟ್ಕೊಂಡಿದೀನಿ. ಹೋದ ಸಲ ಒಬ್ಬಳು ಹುಡುಗಿ ಆ ಪತ್ರದ ಕಾಪಿ ಮೇಲೆ ಪೆನ್ಸಿಲಲ್ಲಿ ಏನೋ ಬರ್ಕೊಂಡು ಬೆಲ್ ಹೊಡೆದ್ಮೇಲೂ ಕೂತಿದ್ಲು, ಎಲ್ಲರೂ ಹೋದ್ಮೇಲೆ ಹತ್ರ ಬಂದು ಮಿಸ್, ಇನ್ನೊಂದು ಕಾಪಿ ಕೊಡ್ತೀರಾ, ನಮ್ಮಪ್ಪಂಗೆ ಬೇಕು ಅಂದ್ಲು. ಅದಕ್ಕೇ ಈ ಸಲ ಎರಡು ಸೆಟ್ ಪ್ರಿಂಟ್ ತೆಗೀತಿದೀನಿ.